ಇಪ್ಪತ್ತೊಂದು ವರ್ಷದ ಗೆಡ್ಡೆ

"ಗುದ್ದಲಿ ಎಲ್ಲಿದೆ?" ಎಂದು ಹೊರಗೆ ಯಾರೋ ಕೂಗಿದಾಗ ತೆರೇತಿಯಾಳ ಕೈಯಲ್ಲಿದ್ದ ಬೀಸಣಿಗೆ ಗಂಡನ ಮುಖದ ಮೇಲೆಯೇ ನಿಂತುಬಿಟ್ಟಿತು. ಇದಕ್ಕೇ ಕಾದಿದ್ದ ನೊಣವೊಂದು ಸೀದಾ ಬಂದು ಕೌತೂನನ ಮೂಗಿನ ಮೇಲೆ ಕೂತಿತು. ಬದುಕಿದ್ದರೆ ಅವನು ಅದು ಎಷ್ಟನೆಯ ನೊಣ ಎಂದು ಹೇಳುತ್ತಿದ್ದ.

"ಗೋರಿ ನಿನ್ನೇನೇ ತೋಡಿ ಆಯ್ತಲ್ಲ, ಇನ್ಯಾಕೆ ಗುದ್ದಲಿ?" ಎಂದು ತೆರೇತಿಯಾ ಬಾಗಿಲ ಕಡೆ ತಿರುಗಿ ಕೇಳಿದಳು.

ಮಗಳು ಅಕೆನೇತೆ ಒಳಗೆ ಇಣುಕಿದಳು. ರಾಜಧಾನಿ ತರಾವಾದಿಂದ ವಿಮಾನದಲ್ಲಿ ಬಂದು ಎರಡು ದಿನವಾಗಿತ್ತು. ಅತ್ತು ಅತ್ತು ಗಂಟಲು ಕಟ್ಟಿತ್ತು, ಆದರೂ ಸಿಕ್ಕಸಿಕ್ಕವರಿಗೆ ಕೆಲಸ ಹೇಳುವುದು ನಿಂತಿರಲಿಲ್ಲ.

"ಗೋರಿಗಲ್ಲಮ್ಮ, ಅಪ್ಪನ ಗೆಡ್ಡೆ ಕೀಳೋಕೆ. ಅಕ್ಕಿ ಮೂರೇ ಮೂರು ಚೀಲ ಇದೆ, ಹಡಗು ಬರೋದು ಮುಂದಿನ ವಾರ. ಮುನ್ನೂರು ಜನಕ್ಕೆ ಏನು ಬಡಿಸೋದು? ಅಪ್ಪನೇ ವರ್ಷಾ ವರ್ಷಾ ಸಾರಿದಾರಲ್ಲ, ನಾನು ಸತ್ತ ದಿನ ತೆಗೀರಿ ಅಂತ. ಹಿರಿಯರೆಲ್ಲ ಹೂಂ ಅಂದ್ರು. ಬರಾನಿಕೊ ಅಜ್ಜ ಅಂತೂ ಗೆಡ್ಡೆ ವಯಸ್ಸು ನೋಡೋಕೆ ಆಗಲೇ ಉಗುರು ತೊಳ್ಕೊಂಡು ಕೂತಿದಾರೆ."

ತೆರೇತಿಯಾ ಬೀಸಣಿಗೆ ಕೆಳಗಿಟ್ಟಳು. ಎರಡು ದಿನದಿಂದ ಸುರಿಯುತ್ತಿದ್ದ ಕಣ್ಣೀರು ಹಾಗೇ ಇಂಗಿಹೋಯಿತು. ಗಂಡ ಹೋದಾಗ ಬಂದದ್ದು ದುಃಖ, ಈಗ ಬಂದದ್ದು ಭಯ. ಯಾಕೆಂದರೆ ಊರೆಲ್ಲ ಇಪ್ಪತ್ತೊಂದು ವರ್ಷದ್ದು ಎಂದು ನಂಬಿದ್ದ ಆ ಗೆಡ್ಡೆ ಅಲ್ಲಿರಲಿಲ್ಲ. ಒಂಬತ್ತು ವರ್ಷದ ಹಿಂದೆಯೇ ಅದನ್ನು ಕಿತ್ತು, ಬೇಯಿಸಿ, ತಿಂದು ಆಗಿತ್ತು. ಆ ಗುಟ್ಟು ಬಲ್ಲವರು ಇಬ್ಬರೇ.

"ಯೋತೆಬನನ್ನ ಕರಿ," ಎಂದಳು.

*

ಕೌತೂನ ಇಪ್ಪತ್ತೆಂಟು ವರ್ಷ ತರಾವಾದ ಹಣಕಾಸು ಕಚೇರಿಯಲ್ಲಿ ಕೂತು ಮಾಡಿದ್ದು ಒಂದೇ ಕೆಲಸ. ನಮ್ಮ ಕಿರಿಬಾಸ್ ದೇಶದ ಮೀಸಲು ಹಣ ಹೊರದೇಶಗಳಲ್ಲಿ ಎಷ್ಟಿದೆ ಎಂದು ಪ್ರತಿ ತಿಂಗಳು ಒಂದು ಹಾಳೆಯಲ್ಲಿ ಬರೆಯುವುದು, ಹೋದ ತಿಂಗಳ ಹಾಳೆಯ ಮೇಲೆ ಅದನ್ನಿಟ್ಟು ಕೆಂಪು ಲಾಡಿಯಿಂದ ಕಟ್ಟುವುದು. ಆ ಹಣವನ್ನು ಅವನು ಕಣ್ಣಿಂದ ಕಂಡಿರಲಿಲ್ಲ. ನಮ್ಮಲ್ಲಿ ಯಾರೂ ಕಂಡಿಲ್ಲ. ಬನಾಬಾ ದ್ವೀಪವನ್ನು ಅಗೆದಗೆದು ಫಾಸ್ಫೇಟ್ ಸಾಗಿಸಿದ ಕಾಲದಲ್ಲಿ ಎತ್ತಿಟ್ಟ ದುಡ್ಡು ಅದು. ಗಣಿ ಬರಿದಾಯಿತು, ಅಗೆಸಿದವರು ಹೊರಟುಹೋದರು, ದುಡ್ಡು ಮಾತ್ರ ದೂರದ ಊರುಗಳ ಷೇರುಗಳಲ್ಲಿ ಒಂದು ವರ್ಷ ಉಬ್ಬುತ್ತ ಒಂದು ವರ್ಷ ಇಳಿಯುತ್ತ ಉಳಿದುಕೊಂಡಿತು.

ಐವತ್ತಕ್ಕೆ ನಿವೃತ್ತಿಯಾಗಿ ನಮ್ಮ ದ್ವೀಪಕ್ಕೆ ವಾಪಸು ಬಂದ ದಿನ, ಊರಿನ ಸಭಾಮಂದಿರದಲ್ಲಿ, ಅಂದರೆ ಮನೇಬಾದಲ್ಲಿ, ಹಿರಿಯರು ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿಕೊಂಡು ಬಾಯಿಬಿಡಿಸಲು ನೋಡಿದರು.

"ಅಲ್ಲಯ್ಯ ಕೌತೂನ, ನಮ್ಮ ದುಡ್ಡು ನಮ್ಮ ಹತ್ರ ಯಾಕಿಲ್ಲ?" ಎಂದು ಬರಾನಿಕೊ ಕೇಳಿದ. "ಕಾಣದ ಊರಲ್ಲಿ, ಕಾಣದ ಜನದ ಕೈಲಿ ಕೊಟ್ಟು ಕೂತಿದೀವಲ್ಲ, ನಮಗೇನು ತಲೆ ಕೆಟ್ಟಿದೆಯಾ?"

"ಬರಾನಿಕೊ ಅಣ್ಣಾ, ಇಲ್ಲಿಟ್ರೆ ಸೋಮವಾರ ಬೆಳಿಗ್ಗೆ ಯೋತೆಬ ಬರ್ತಾನೆ."

ಮನೇಬಾದ ಸೂರು ಹಾರುವಂತೆ ಜನ ನಕ್ಕರು. ಕೌತೂನನ ಸೋದರತ್ತೆಯ ಮಗ ಯೋತೆಬ ಎಲ್ಲರಿಗಿಂತ ಜೋರಾಗಿ ನಕ್ಕ. ನಮ್ಮಲ್ಲಿ ನೆಂಟನಾದವನು ಮನೆಗೆ ಬಂದು, ತಲೆ ತಗ್ಗಿಸಿ, "ಬುಬುತಿ" ಎಂದು ಒಂದು ಮಾತು ಅಂದು ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. ಸೈಕಲ್ಲಾಗಲಿ, ಹಂಡೆಯಾಗಲಿ, ಮೈಮೇಲಿನ ಅಂಗಿಯಾಗಲಿ, ಬಿಚ್ಚಿ ಕೊಡಬೇಕು. ಇಲ್ಲ ಅಂದವನು ಆಮೇಲೆ ಸಾಯುವವರೆಗೆ ತಲೆಯೆತ್ತಿ ಓಡಾಡುವಂತಿಲ್ಲ. ಬುಬುತಿ ಕೇಳುವುದರಲ್ಲಿ ಯೋತೆಬನದು ಎತ್ತಿದ ಕೈ. ಅವನ ಮನೆಯಲ್ಲಿದ್ದ ಸಾಮಾನಿನಲ್ಲಿ ಅವನು ಕೊಂಡದ್ದು ಯಾವುದು ಎಂದು ಅವನಿಗೇ ನೆನಪಿರಲಿಲ್ಲ.

"ಹೊರದೇಶದ ಬ್ಯಾಂಕಿನವನಿಗೆ ನಾವ್ಯಾರೂ ನೆಂಟರಲ್ಲ," ಎಂದು ಕೌತೂನ ಮುಂದುವರಿಸಿದ. "ಅದಕ್ಕೇ ಅದು ಉಳಿದಿರೋದು. ಬೇರೆ ಗುಟ್ಟೇನೂ ಇಲ್ಲ."

ಮಾರನೆಯ ವಾರವೇ ಅವನು ತನ್ನ ಗುಂಡಿತೋಟದ ಮೂಲೆಯಲ್ಲಿ ಒಂದು ಬಬಾಯಿ ನೆಟ್ಟ. ಬಬಾಯಿ ಎಂದರೆ ಕೆಸುವಿನ ಜಾತಿಯ ದೈತ್ಯ. ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ, ಬುಡಕ್ಕೆ ಓಲೆಯ ಬುಟ್ಟಿ ಹೆಣೆದು, ಅದರೊಳಗೆ ಎಲೆಗೊಬ್ಬರ ತುಂಬಿ ವರ್ಷಗಟ್ಟಲೆ ಸಾಕಬೇಕು. ಹೇಗೆ ಸಾಕುತ್ತೇವೆ ಎಂಬುದನ್ನು ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುವುದಿಲ್ಲ. ಗಂಡ ಹೆಂಡತಿಗೂ ಹೇಳುವುದಿಲ್ಲ.

"ದೇಶಕ್ಕಿರೋ ಹಾಗೆ ನನಗೂ ಒಂದು ಮೀಸಲು," ಎಂದು ಕೌತೂನ ಮನೇಬಾದಲ್ಲಿ ಸಾರಿದ. "ನನ್ನ ಸಾವಿನ ಊಟಕ್ಕೆ ಇದು. ಅಲ್ಲೀತನಕ ಯಾರೂ ಕೈ ಹಚ್ಚೋ ಹಾಗಿಲ್ಲ, ನಾನೂ ಸೇರಿ."

ಅಲ್ಲಿಂದ ಪ್ರತಿ ಹೊಸವರ್ಷದ ಸಭೆಯಲ್ಲಿ ಎದ್ದು ನಿಂತು ವರದಿ ಒಪ್ಪಿಸುತ್ತಿದ್ದ. "ಮೀಸಲು, ಒಂದು. ವಯಸ್ಸು, ಐದು. ಸ್ಥಿತಿ, ತೃಪ್ತಿಕರ." ಮಕ್ಕಳು ಹಿಂದಿನಿಂದ ಅವನ ಜೊತೆಗೇ ಗುನುಗುತ್ತಿದ್ದವು.

ಸುಳ್ಳು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಇದು ಹೊಗಳಿಕೆಯ ಮಾತಲ್ಲ, ನಮಗೆಲ್ಲ ತಲೆನೋವಾಗಿದ್ದ ಸಂಗತಿ. ಇಗರ್ಜಿಯ ಕಾಣಿಕೆ ಎಣಿಸಲು ಕೂರಿಸಿದರೆ, "ಇನ್ನೂರ ಹನ್ನೆರಡು ಡಾಲರು, ನಲವತ್ತು ಸೆಂಟು, ಮತ್ತೊಂದು ಅಂಗಿ ಬಟನ್," ಎಂದು ಎಲ್ಲರ ಎದುರು ಓದಿ, ಕನ್ನಡಕದ ಮೇಲಿನಿಂದ ಗಂಡಸರ ಅಂಗಿಗಳನ್ನೆಲ್ಲ ಒಂದು ಸುತ್ತು ನೋಡಿದ್ದ. ಪ್ರಪಂಚದ ಷೇರುಪೇಟೆ ಬಿದ್ದ ವರ್ಷ ರೇಡಿಯೋದಲ್ಲಿ ಸುದ್ದಿ ಕೇಳಿ ಮೂರು ದಿನ ಅನ್ನ ಬಿಟ್ಟ.

"ದೇಶಕ್ಕೆ ನಷ್ಟ ಆಗಿದೆ ಕಣೇ."

"ನಿಮ್ಮ ಹೊಟ್ಟೆ ಏನು ಮಾಡಿತ್ರೀ ಪಾಪ? ಅದೇನು ಷೇರು ಕೊಂಡಿತ್ತಾ?" ಎಂದು ತೆರೇತಿಯಾ ಬೈದು ತಟ್ಟೆಯನ್ನು ಮುಂದೆ ತಳ್ಳಿದ್ದಳು.

*

ಯೋತೆಬ ಒಳಗೆ ಬಂದವನೇ ಹೆಣದ ಕಾಲ ಬಳಿ ಕುಸಿದು ಕೂತ. ಆನೆಯಂಥ ಆಳು, ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅತ್ತಿಗೇ, ಗುದ್ದಲಿ ನನ್ನ ಕೈಗೇ ಕೊಟ್ಟಿದಾರೆ. ನೀನೇ ಹತ್ತಿರದ ನೆಂಟ, ನೀನೇ ಅಗಿ ಅಂತ!"

"ಮೆಲ್ಲಗೆ ಮಾತಾಡು ಮಾರಾಯ, ಇವರಿಗೆ ಕೇಳುತ್ತೆ."

"ಯಾರಿಗೆ?"

ತೆರೇತಿಯಾ ಗಲ್ಲದಿಂದ ಗಂಡನನ್ನು ತೋರಿಸಿದಳು. ಯೋತೆಬ ದನಿ ತಗ್ಗಿಸಿದ.

"ಈಗಿರೋ ಗಿಡಕ್ಕೂ ಒಂಬತ್ತು ವರ್ಷ ಆಯ್ತಲ್ಲ ಅತ್ತಿಗೆ. ಒಂದಿಷ್ಟಾದ್ರೂ ಗೆಡ್ಡೆ ಕಟ್ಟಿರುತ್ತೆ. ನಡೆದುಹೋಗುತ್ತೆ ಬಿಡಿ."

"ಬರಾನಿಕೊ ಅಣ್ಣ ಉಗುರು ಊರಿ ನೋಡಿದ್ರೆ ಯಾವ ವರ್ಷದ್ದು, ಯಾವ ತಿಂಗಳದ್ದು ಅಂತ ಹೇಳ್ತಾರೆ. ನಿಂಗೆ ಗೊತ್ತಿಲ್ವಾ? ಆಮೇಲೆ ಜನ ಏನಂತಾರೆ? ಇಪ್ಪತ್ತೊಂದು ಅಂತ ಊರಿಗೆಲ್ಲ ಹೇಳಿ ಇವರು ಸುಳ್ಳುಗಾರ ಆಗಿ ಮಣ್ಣಿಗೆ ಹೋಗಬೇಕು. ಇಲ್ಲ ನಾನು ಕಳ್ಳಿ ಅಂತ ಒಪ್ಕೋಬೇಕು. ಎರಡರಲ್ಲಿ ಒಂದು."

"ಮೂರನೇದು ಇಲ್ವಾ?"

"ಇದೆ. ಹೋಗಿ ಹಿರಿಯರ ಹತ್ರ ಬುಬುತಿ ಕೇಳು. ಆ ಗೆಡ್ಡೆ ಮುಟ್ಟಬೇಡಿ ಅಂತ. ಜನ್ಮವಿಡೀ ನಿನಗೋಸ್ಕರ ಕೇಳಿದೀಯ, ಒಂದು ಸಲ ನನಗೋಸ್ಕರ ಕೇಳು!"

*

ಆ ಒಂಬತ್ತು ವರ್ಷದ ಹಿಂದೆ ಕೌತೂನ ಕಣ್ಣಿನ ಆಪರೇಷನ್ನಿಗೆ ತರಾವಾಕ್ಕೆ ಹೋಗಿದ್ದ. ಯೋತೆಬ ಬಂದು, ಕೊಟ್ಟ ನೀರಾ ಕುಡಿದು, ಲೋಟ ಕೆಳಗಿಟ್ಟು ತಲೆ ತಗ್ಗಿಸಿದ. ಅವನ ತಲೆ ತಗ್ಗಿದ್ದು ಕಂಡೇ ತೆರೇತಿಯಾಗೆ ಗೊತ್ತಾಯಿತು.

"ಅತ್ತಿಗೆ, ಬುಬುತಿ."

"ಹಂದಿ ತಗೊಂಡು ಹೋಗು. ಬಲೆ ತಗೊಂಡು ಹೋಗು. ಹೊಲಿಗೆ ಮಿಷನ್ ಬೇಕಾ?"

"ಮಗನ ಮದುವೆ, ಪಕ್ಕದ ದ್ವೀಪದಲ್ಲಿ. ಬೀಗರು ನಾಲ್ಕಾಳು ಹೊರೋ ಬಬಾಯಿ ಇಡ್ತಾರಂತೆ. ನಾನು ಬರಿಗೈಲಿ ಹೋದ್ರೆ ನನ್ನ ಮರ್ಯಾದೆ ಮಣ್ಣುಪಾಲು."

"ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳೋ!"

"ಅದೊಂದನ್ನೇ ಕೇಳೋಕೆ ಬಂದಿದ್ದು, ಅತ್ತಿಗೆ."

ಇಲ್ಲ ಅನ್ನುವ ಪದ ನಮ್ಮ ಭಾಷೆಯಲ್ಲೂ ಉಂಟು, ನೆಂಟರ ಎದುರು ಮಾತ್ರ ಅದು ಗಂಟಲು ದಾಟುವುದಿಲ್ಲ. ಹನ್ನೆರಡು ವರ್ಷ ಸಾಕಿದ ಗೆಡ್ಡೆ ಚಾಪೆಯಲ್ಲಿ ಸುತ್ತಿಸಿಕೊಂಡು ಯೋತೆಬನ ದೋಣಿ ಹತ್ತಿ ಹೋಯಿತು. ಅದಿದ್ದ ಬುಟ್ಟಿಯಲ್ಲಿ ತೆರೇತಿಯಾ ಬೆರಳುದ್ದದ ಒಂದು ಮರಿಸಸಿ ಊರಿದಳು. ಅದು ನಿಲ್ಲದೆ ವಾಲುತ್ತಿತ್ತು. ಉಟ್ಟಿದ್ದ ನೀಲಿ ನೈಲಾನ್ ಲುಂಗಿಯ ಅಂಚು ಹರಿದು ಸಸಿಯನ್ನು ಕೋಲಿಗೆ ಕಟ್ಟಿದಳು.

ಕೌತೂನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಡಗಿಳಿದವನು ಮನೆಗೂ ಬರದೆ ಗುಂಡಿಯ ಅಂಚಿಗೆ ಹೋಗಿ ಕೂತ. ತೆರೇತಿಯಾ ಅವನ ಬೆನ್ನ ಹಿಂದೆ ನಿಂತು, ದಾರಿಯುದ್ದಕ್ಕೂ ಉರುಹೊಡೆದಿದ್ದನ್ನು ಒಪ್ಪಿಸಿದಳು.

"ಉಬ್ಬರ ಬಂದು ಉಪ್ಪುನೀರು ನುಗ್ಗಿಬಿಡ್ತು ಕಣ್ರೀ. ಎಲೆಯೆಲ್ಲ ಕೊಳೆತುಹೋಯ್ತು. ಗೆಡ್ಡೆ ಮಾತ್ರ ಒಳಗೆ ಗಟ್ಟಿಯಾಗಿದೆ."

ಅವನು ಬಗ್ಗಿ ಗುಂಡಿಯೊಳಗೆ ನೋಡಿದ.

"ಹೌದಾ," ಎಂದ ಕೊನೆಗೆ. "ಗೆಡ್ಡೆ ಇದ್ರೆ ಸಾಕು ಬಿಡು. ಎಲೆ ಬರುತ್ತೆ."

ಮಾರನೆಯ ದಿನವೇ ಸುತ್ತಲೂ ತೆಂಗಿನ ಗರಿಯ ಆಳೆತ್ತರದ ಬೇಲಿ ಕಟ್ಟಿದ. ಯಾರೂ ಬರಕೂಡದು, ನೀನೂ ಬರಕೂಡದು ಎಂದ. ಬದುಕಿದೆಯಾ ಬಡಜೀವವೇ ಎಂದುಕೊಂಡ ತೆರೇತಿಯಾ ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಪಾಪ, ಕಣ್ಣು ಕಾಣದ ಗಂಡ ಎಂದು ಒಂದು ಕಡೆ ಸಮಾಧಾನ, ಕಣ್ಣು ಕಾಣದವನಿಗೆ ಮೋಸ ಮಾಡಿದೆ ಎಂದು ಇನ್ನೊಂದು ಕಡೆ ಸಂಕಟ. ಹೊಸವರ್ಷದ ಸಭೆಯಲ್ಲಿ ಕೌತೂನ ಎದ್ದು ನಿಂತ. "ಮೀಸಲು, ಒಂದು. ವಯಸ್ಸು..." ಎಂದು ಅಲ್ಲೇ ಕೆಮ್ಮಿ, ನೀರು ಕುಡಿದು, "ಹನ್ನೆರಡು. ಸ್ಥಿತಿ, ತೃಪ್ತಿಕರ," ಎಂದು ಕೂತ. ಆಪರೇಷನ್ ಆದ ಮೇಲೆ ಸ್ವಲ್ಪ ಮರೆವು ಎಂದು ಊರವರು ಮಾತಾಡಿಕೊಂಡರು.

*

ಮನೇಬಾದಲ್ಲಿ ಹಿರಿಯರೆಲ್ಲ ತಂತಮ್ಮ ಮನೆತನದ ಜಾಗಗಳಲ್ಲಿ ಕೂತಿದ್ದರು. ಯೋತೆಬ ನಡುವೆ ನಿಂತು ತಲೆ ತಗ್ಗಿಸಿದ. ತಕ್ಷಣ ಗಂಡಸರೆಲ್ಲ ತಮ್ಮ ತಮ್ಮ ಚಪ್ಪಲಿ, ಚೂರಿ, ಬೀಡಿಕಟ್ಟುಗಳನ್ನು ತೊಡೆಯ ಕೆಳಗೆ ಸರಿಸಿಕೊಂಡರು.

"ಹಿರಿಯರಲ್ಲಿ ಒಂದು ಬುಬುತಿ."

"ಹೆಣ ಎದ್ದಿಲ್ಲ ಇನ್ನೂ, ಶುರು ಮಾಡಿದ ನೋಡು!" ಎಂದು ಯಾರೋ ಗೊಣಗಿದರು.

"ನಂಗೆ ಏನೂ ಕೊಡಬೇಡಿ. ಕೌತೂನಣ್ಣನ ಗೆಡ್ಡೆ ಇದ್ದಲ್ಲೇ ಇರಲಿ, ಅದನ್ನ ಕೀಳಬೇಡಿ. ಇಷ್ಟೇ."

ಏನನ್ನೂ ಕೊಡಬೇಡಿ ಎಂದು ಯೋತೆಬ ಕೇಳಿದ್ದು ಅದೇ ಮೊದಲು. ಬುಬುತಿಗೆ ಇಲ್ಲ ಅನ್ನುವಂತೆಯೂ ಇಲ್ಲ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೆರೇತಿಯಾ ಬಾಗಿಲ ಕಂಬದ ಹಿಂದೆ ನಿಂತು ಕೇಳುತ್ತಿದ್ದಳು.

ಎಂಬತ್ತೈದು ದಾಟಿದ ಬರಾನಿಕೊ ಗಡ್ಡ ಕೆರೆದುಕೊಂಡ. "ಲೇ ಯೋತೆಬ, ಗೆಡ್ಡೆ ಯಾರದ್ದು?"

"ಕೌತೂನಣ್ಣಂದು."

"ಹಂಗಾದ್ರೆ ನಮ್ಮನ್ನ ಯಾಕೆ ಕೇಳ್ತೀಯಾ? ಅಲ್ಲೇ ಮಲಗಿದಾನೆ, ಹೋಗಿ ಅವನನ್ನೇ ಕೇಳು. ಹೂಂ ಅಂದ್ರೆ ಬಿಡ್ತೀವಿ."

ಮನೇಬಾದಲ್ಲಿ ನಗೆ ಉಕ್ಕಿತು. ಸಾವಿನ ಮನೆ ಎಂದು ನೆನಪಾಗಿ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು. ಅಕೆನೇತೆ ಬಂದು ಗುದ್ದಲಿಯನ್ನು ಯೋತೆಬನ ಕೈಗೆ ತುರುಕಿದಳು. "ಚಿಕ್ಕಪ್ಪಾ, ಅಳೋದು ಆಮೇಲೆ ಅಳೋಣ. ಒಲೆ ಕಾಯ್ತಾ ಇದೆ."

ಬೇಲಿ ಕಿತ್ತರು. ಯೋತೆಬ ಸೊಂಟದ ಮಟ್ಟ ಕೆಸರಿಗೆ ಇಳಿದು, ಆದಷ್ಟು ನಿಧಾನವಾಗಿ, ಕಿವಿ ಶುಚಿ ಮಾಡುವವನ ಹಾಗೆ ಅಗೆಯುತ್ತಿದ್ದ. ಅಂಚಿನಲ್ಲಿ ನಿಂತ ಜನ ಬೈದರು. ಕೊನೆಗೆ ಅವನು ಗುದ್ದಲಿ ಎಸೆದು, ಎರಡೂ ಕೈ ಕೆಸರಿಗೆ ಹಾಕಿ ತಡವಿದ. ತಡವುತ್ತ ತಡವುತ್ತ ಅವನ ತೋಳು ಅಗಲವಾದವು, ಬಾಯಿ ತೆರೆದುಕೊಂಡಿತು.

"ಅತ್ತಿಗೇ!" ಎಂದು ಕಿರುಚಿದ. "ಕೈಗೆ ಕೈ ಸೇರ್ತಾನೇ ಇಲ್ಲ!"

ಇನ್ನು ಮೂವರು ಇಳಿದರು. ಏಳಲ್ಲ, ಬಗ್ಗಲ್ಲ. ಹಗ್ಗ ಹಾಕಿ ಎಳೆದಾಗ ಕೆಸರು ದೊಡ್ಡದಾಗಿ ಒಮ್ಮೆ ತೇಗಿ ಬಿಟ್ಟುಕೊಟ್ಟಿತು. ನಾಲ್ಕಾಳಿನ ಗೆಡ್ಡೆ! ಅಂಥದ್ದನ್ನು ನಾವು ಕಂಡಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಹೆಂಗಸರು ಹೋ ಎಂದು ಕೂಗಿದರು, ಅಕೆನೇತೆ ನಗುತ್ತ ಅಳುತ್ತ ಕುಣಿದೇಬಿಟ್ಟಳು.

ಬರಾನಿಕೊ ಕೋಲೂರಿಕೊಂಡು ಹತ್ತಿರ ಬಂದ. ಗೆಡ್ಡೆಯ ಕುತ್ತಿಗೆಗೆ ಇನ್ನೂ ಬುಟ್ಟಿಯ ಬಾಯಿ ಸುತ್ತಿಕೊಂಡಿತ್ತು, ಬುಟ್ಟಿಯ ಬಾಯಿಗೆ ಒಂದು ಕಟ್ಟು. ಮುದುಕ ಎಲೆಗೊಬ್ಬರ ಒರೆಸಿದ. ಮಾಸಿದ ನೀಲಿ ನೈಲಾನ್ ಪಟ್ಟಿ ಕಂಡಿತು. ತೆರೇತಿಯಾ ಹತ್ತಿರ ಬಗ್ಗಿ ನೋಡಿದಳು. ಅವಳದೇ ಲುಂಗಿಯ ಅಂಚು. ಆದರೆ ಅವಳು ಹರಿದದ್ದು ಗೇಣುದ್ದ, ಇದು ಮಾರುದ್ದವಿತ್ತು. ಗೆಡ್ಡೆ ದಪ್ಪಗಾದ ಹಾಗೆಲ್ಲ ಕಟ್ಟು ಸಡಿಲಿಸಿ, ನೀಲಿ ಪಟ್ಟಿಗೆ ಕಚೇರಿಯ ಕೆಂಪು ಲಾಡಿಯ ಒಂದೊಂದು ತುಂಡನ್ನು ಸೇರಿಸುತ್ತ ಬರಲಾಗಿತ್ತು. ಪ್ರತಿ ತುಂಡಿಗೂ ಒಂದು ಗಂಟು. ಕಡತ ಕಟ್ಟುವ ಗಂಟು. ಇಪ್ಪತ್ತೆಂಟು ವರ್ಷ ಅವನು ತಿಂಗಳು ತಿಂಗಳು ಹಾಕಿದ ಗಂಟು.

ಬರಾನಿಕೊ ಗಂಟುಗಳ ಮೇಲೆ ಬೆರಳಾಡಿಸುತ್ತ ತುಟಿ ಅಲ್ಲಾಡಿಸಿದ. ತೆರೇತಿಯಾಳೂ ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತು. ಮುದುಕ ಗೆಡ್ಡೆಗೆ ಉಗುರು ಊರಿದ, ಮೂಸಿ ನೋಡಿದ, ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಗುಂಡಿಯಲ್ಲಿ ಕತ್ತಿನವರೆಗೆ ಕೆಸರಾಗಿ ನಿಂತಿದ್ದ ಯೋತೆಬನನ್ನು ನೋಡಿದ. ಜನ ಕಾದರು.

"ಇಪ್ಪತ್ತೊಂದು," ಎಂದು ಬರಾನಿಕೊ ಊರಿಗೆಲ್ಲ ಕೇಳುವಂತೆ ಹೇಳಿದ. "ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿ ಇಲ್ಲ. ಕೌತೂನ ಸುಳ್ಳು ಹೇಳೋ ಆಸಾಮಿಯಲ್ಲ."

ಲಾಡಿಯನ್ನು ಬಿಚ್ಚಿ, ಸುರುಳಿ ಸುತ್ತಿ, ತೆರೇತಿಯಾಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಮಡಿಸಿ ಹೊರಟುಹೋದ.

ಅವಳು ಮನೆಗೆ ಓಡಿ ಗಂಡನ ಪಕ್ಕ ಕೂತಳು. ಅಂಗಿ ಬಟನ್ನನ್ನೂ ಬಿಡದೆ ಲೆಕ್ಕಕ್ಕೆ ಸೇರಿಸಿದ ಮನುಷ್ಯ ಒಂಬತ್ತು ಹೊಸವರ್ಷ ಊರೆದುರು ಎದ್ದು ನಿಂತು ಅವಳಿಗಾಗಿ ಸುಳ್ಳು ಹೇಳಿದ್ದ. ಮೊದಲ ದಿನವೇ, ಒಂದೇ ಕಣ್ಣಲ್ಲಿ, ಎಲ್ಲ ಕಂಡಿದ್ದ.

"ಒಂದು ಮಾತು ಹೇಳಬಾರದಿತ್ತೇನ್ರೀ!" ಎಂದು ಅವಳು ಎದೆ ಬಡಿದುಕೊಂಡು ಕೂಗಿದಳು. "ಒಂಬತ್ತು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ ನಾನು! ಗೊರಕೆ ಹೊಡೀತಾ ಬಿದ್ಕೊಂಡಿದ್ರಲ್ಲ ಪಕ್ಕದಲ್ಲಿ! ಕಳ್ಳ ಮುದುಕ!"

ಸುತ್ತ ಕೂತ ಹೆಂಗಸರು ಲುಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡರು. ಎಂಥ ಸಂಸಾರ, ಬೈಯುವುದರಲ್ಲೂ ಎಷ್ಟು ಪ್ರೀತಿ ಎಂದರು.

*

ಮಧ್ಯಾಹ್ನ ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ಮುನ್ನೂರು ಜನ ತಿಂದರೂ ಗೆಡ್ಡೆ ಮುಗಿಯಲಿಲ್ಲ. ತೆಂಗಿನಹಾಲು, ಕಳ್ಳಿನ ಪಾಕ ಸುರಿದು ಎರಡೆರಡು ಸಲ ಹಾಕಿಸಿಕೊಂಡರು. ಯೋತೆಬ ತಟ್ಟೆ ಒಡ್ಡಿದಾಗ ಬಡಿಸುತ್ತಿದ್ದ ಬರಾನಿಕೊ ಸೌಟು ತಡೆದು, "ನಿನ್ನ ಪಾಲು ಆಗಲೇ ಆಗಿತ್ತಲ್ಲ?" ಎಂದು ಅವನಿಗೊಬ್ಬನಿಗೇ ಕೇಳುವಂತೆ ಅಂದು, ಆಮೇಲೆ ಸಣ್ಣ ತುಂಡೊಂದನ್ನು ಹಾಕಿದ. ಯೋತೆಬ ಅದನ್ನು ನುಂಗಲಾರದೆ ನುಂಗಿದ.

ಬಿಸಿಲು ಇಳಿದ ಮೇಲೆ ತೆರೇತಿಯಾ ಗೆಡ್ಡೆಯಿಂದ ಕೊಯ್ದು ತೆಗೆದಿಟ್ಟಿದ್ದ ತಲೆಯ ತುಂಡನ್ನು ಹಿಡಿದು ಗುಂಡಿಗೆ ಇಳಿದಳು. ಅದರಲ್ಲಿ ಎರಡು ಎಳೆಯ ಎಲೆ ಉಳಿದಿದ್ದವು. ಕೆಸರಿನಲ್ಲಿ ಊರಿದಳು. ವಾಲಿತು. ಕೋಲು ನೆಟ್ಟು, ಸುರುಳಿ ಬಿಚ್ಚಿ, ನೀಲಿ ಪಟ್ಟಿಯನ್ನು ಸುತ್ತಿ ಕಡತದ ಗಂಟು ಹಾಕಲು ನೋಡಿದಳು. ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

ಅಂಚಿನಲ್ಲಿ ನೆರಳು ಬಿತ್ತು. ಯೋತೆಬ ತಲೆ ತಗ್ಗಿಸಿ ನಿಂತಿದ್ದ.

"ಏನೋ? ಈಗಲೇ ಶುರುವಾಯ್ತಾ? ಇನ್ನೂ ಬೇರೇ ಬಿಟ್ಟಿಲ್ಲ ಕಣೋ ಇದು!"

"ಅಯ್ಯೋ, ಬುಬುತಿ ಅಲ್ಲ ಅತ್ತಿಗೆ. ಹೊಸವರ್ಷಕ್ಕೆ ಮನೇಬಾದಲ್ಲಿ ಯಾರಾದ್ರೂ ಎದ್ದು ಹೇಳಬೇಕಲ್ಲ. ನಾನು ಹೇಳ್ತೀನಿ. ಮೀಸಲು, ಒಂದು. ಸ್ಥಿತಿ, ತೃಪ್ತಿಕರ. ವಯಸ್ಸು ಎಷ್ಟು ಅನ್ಲಿ?"

ತೆರೇತಿಯಾ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು. ಎರಡು ಎಲೆಯ ಗಿಡ ಅಲುಗಿ, ನೆಟ್ಟಗೆ ನಿಂತಿತು.

"ಇಪ್ಪತ್ತೆರಡು ಅನ್ನು," ಎಂದಳು.